ಇವತ್ತು ಬರಬೇಡ

ಎರ್ಲೆಂಡ್ ಮೊದಲ ಸಲ ಓಸ್ಲಾಳ ದನಿಯನ್ನು ಕೇಳಿದ್ದು ಮೋಡದ ಮೇಲೆ. ಕೇಳಿದ ಮೊದಲ ಮಾತಿಗೇ ಅವನಿಗೆ ಸಿಟ್ಟು ಬಂತು.

"ಇವತ್ತು ಬರಬೇಡಿ" ಎಂದಿತು ವಿಮಾನದ ವೈರ್‌ಲೆಸ್.

"ಯಾಕೆ? ಇಲ್ಲಿ ಬಿಸಿಲು ಹೊಡೀತಿದೆ. ಆಕಾಶ ಎಷ್ಟು ಚೆನ್ನಾಗಿದೆ!"

"ನೀವು ಮೇಲಿದೀರಲ್ಲ, ಅದಕ್ಕೆ. ಕೆಳಗೆ ನನಗೆ ನನ್ನ ಕುರಿಗಳೇ ಕಾಣ್ತಿಲ್ಲ."

"ಕುರಿಗಳಾ? ರನ್‌ವೇ ಮೇಲೆ ಕುರಿ ಇದಾವಾ?"

"ಇರಬಹುದು. ಕಾಣ್ತಿಲ್ಲ ಅಂದೆನಲ್ಲ."

ಎಂಟು ಸೀಟಿನ ವಿಮಾನವನ್ನು ತಿರುಗಿಸಿಕೊಂಡು ಹೊಸ ಪೈಲಟ್ ಶೆಟ್‌ಲೆಂಡ್ ದ್ವೀಪಸಮೂಹದ ದೊಡ್ಡ ದ್ವೀಪಕ್ಕೆ ವಾಪಸು ಹೋದ. ಮರುದಿನ ಬಂದಿಳಿದಾಗ ಆ ದನಿಯವಳಿಗೆ ನಾಲ್ಕು ಮಾತು ಅಂದೇ ಹೋಗಬೇಕೆಂದು ಹಲ್ಲು ಕಚ್ಚಿಕೊಂಡಿದ್ದ. ನೋಡಿದರೆ, ಹಳೇ ಫೈರ್ ಇಂಜಿನ್ನಿನ ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿಕೊಂಡು ಒಬ್ಬಳು ಹುಡುಗಿ ಬೇಲಿಯಾಚೆಯ ಟಗರಿಗೆ ಮನಸಾರೆ ಬೈಯುತ್ತಿದ್ದಳು. ತಲೆಗಿಂತ ದೊಡ್ಡದಾದ ಹೆಲ್ಮೆಟ್ಟು ಮತ್ತೆ ಮತ್ತೆ ಮೂಗಿನ ಮೇಲೆ ಜಾರುತ್ತಿತ್ತು. ಅದನ್ನು ಹಿಂದಕ್ಕೆ ತಳ್ಳಿ ಅವಳು ಇವನತ್ತ ನೋಡಿದಳು. ಬೂದುಬಣ್ಣದ ಕಣ್ಣುಗಳು. ಎರ್ಲೆಂಡನಿಗೆ ಆ ನಾಲ್ಕು ಮಾತುಗಳೂ ಮರೆತುಹೋದವು.

"ನಿನ್ನೆ ವೈರ್‌ಲೆಸ್‌ನಲ್ಲಿ ಮಾತಾಡಿದ್ದು ನೀವೇನಾ?"

"ಹೌದು. ಬಿಸಿಲು ಚೆನ್ನಾಗಿ ಕಾಯಿಸಿಕೊಂಡ್ರಾ?"

ನಮ್ಮ ಸುಲ್ವೆ ದ್ವೀಪದ ವಿಮಾನ ನಿಲ್ದಾಣ ಎಂದರೆ ಇಷ್ಟೇ: ಒಂದು ಜಲ್ಲಿ ರನ್‌ವೇ, ಗಾಳಿಯ ದಿಕ್ಕು ತೋರುವ ಒಂದು ಗಾಳಿಚೀಲ, ಒಂದು ತಗಡಿನ ಶೆಡ್ಡು, ಆ ಫೈರ್ ಇಂಜಿನ್. ದೊಡ್ಡ ಊರಿನವರು ನೋಡಿ ನಗುತ್ತಾರೆ. ನಗಲಿ. ನಮ್ಮ ಅಜ್ಜಂದಿರು ಕಲ್ಲು ಹೊತ್ತು, ಬೆನ್ನು ಬಗ್ಗಿಸಿ ಮಾಡಿದ ರನ್‌ವೇ ಅದು. ವಿಮಾನ ಬರುವ ಹೊತ್ತಿಗೆ ಮೀನು ಹಿಡಿಯುವವನು ಬಲೆ ಬಿಟ್ಟು, ಟೀಚರು ಪಾಠ ಬಿಟ್ಟು ಓಡಿಬಂದು ಬೆಂಕಿ ಆರಿಸುವವರ ಕೋಟು ತೊಟ್ಟು ನಿಲ್ಲುತ್ತಾರೆ. ಇಲ್ಲಿವರೆಗೆ ಒಂದು ವಿಮಾನಕ್ಕೂ ಇಲ್ಲಿ ತರಚುಗಾಯ ಆಗಿಲ್ಲ. ಯಾವ ದೊಡ್ಡ ಊರು ಹಾಗೆ ಹೇಳುತ್ತದೋ ಹೇಳಲಿ ನೋಡೋಣ.

ಇದಕ್ಕೆಲ್ಲ ಕಾರಣ ಗುಡ್ಡದ ಮೇಲಿನ ಬಿಳಿಕಲ್ಲು. ಪ್ರತಿ ವಸಂತಕ್ಕೆ ಇಡೀ ಊರು ಹತ್ತಿ ಹೋಗಿ ಅದಕ್ಕೆ ಸುಣ್ಣ ಬಳಿಯುತ್ತೇವೆ. ಶೆಡ್ಡಿನ ಬಾಗಿಲಲ್ಲಿ ನಿಂತಾಗ ಕಲ್ಲು ಕಂಡರೆ ವಿಮಾನಕ್ಕೆ ಬನ್ನಿ ಅನ್ನುವುದು, ಕಾಣದಿದ್ದರೆ ಬೇಡ ಅನ್ನುವುದು. ಇಳಿಯುವುದು ಬಿಡುವುದು ಪೈಲಟ್‌ಗೆ ಸೇರಿದ್ದು, ನಿಜ. ಆದರೆ ಕೆಳಗೇನು ಕಾಣುತ್ತದೆ ಎಂದು ಹೇಳುವವರ ಮಾತಿನ ಮೇಲೆ ಅವನ ಪ್ರಾಣ ನಿಂತಿರುತ್ತದೆ. ಮೊದಲು ಆ ಕೆಲಸ ಓಸ್ಲಾಳ ಅಪ್ಪ ತಾಮಸ್‌ನದು. ಕಣ್ಣು ಮಂಜಾದಾಗ ವೈರ್‌ಲೆಸ್ಸನ್ನು ಮಗಳ ಕೈಗಿಟ್ಟು ಅವನು ಹೇಳಿದ್ದು ಒಂದೇ: "ಮೊದಲು ಗುಡ್ಡ ನೋಡು, ಆಮೇಲೆ ವಿಮಾನದಲ್ಲಿ ಯಾರಿದಾರೆ ಅಂತ ಕೇಳು." ಯಾರೆಂದು ಮೊದಲೇ ಗೊತ್ತಾದರೆ ಎಂಥ ಮಂಜೂ ತೆಳ್ಳಗೆ ಕಾಣುತ್ತದೆ ಎಂದು ಅವನಿಗೆ ಗೊತ್ತಿತ್ತು.

ಎರ್ಲೆಂಡ್ ವಾರಕ್ಕೆ ಮೂರು ಸಲ ಬರುತ್ತಿದ್ದ. ಸಾಮಾನು ಇಳಿಸುವಷ್ಟರಲ್ಲಿ ಓಸ್ಲಾಳ ಸೋದರತ್ತೆ ಲೀಬಿ ಕೊಡುವ ಕುರಿಮಾಂಸದ ಸೂಪು ಕುಡಿಯುತ್ತಿದ್ದ. ವಿಮಾನದ ತೂಕ ಸರಿದೂಗಿಸಲು ಪ್ರಯಾಣಿಕರನ್ನೆಲ್ಲ ತಕ್ಕಡಿ ಹತ್ತಿಸುವುದು ಅವನ ಕೆಲಸ.

"ನೀವೂ ಒಂದ್ಸಲ ಹತ್ತಿ" ಎಂದ ಒಂದು ದಿನ ಓಸ್ಲಾಳಿಗೆ.

"ನಾನು ಎಲ್ಲಿಗೂ ಹೋಗ್ತಿಲ್ಲ. ನನ್ನ ತೂಕ ಕಟ್ಕೊಂಡು ನಿಮಗೇನಾಗ್ಬೇಕು?"

"ಏನಿಲ್ಲ. ಸುಮ್ನೆ, ತಿಳ್ಕೊಂಡಿದ್ರೆ ಒಳ್ಳೇದು ಅಂತ."

ಓಸ್ಲಾ ಹೆಲ್ಮೆಟ್ಟನ್ನು ಬೇಕೆಂದೇ ಮೂಗಿನವರೆಗೆ ಎಳೆದುಕೊಂಡಳು. ಅದರ ಕೆಳಗೆ ತುಟಿ ನಗುತ್ತಿದ್ದುದು ಎಲ್ಲರಿಗೂ ಕಂಡಿತು.

ಅವನಿಗೆ ಒಂದೇ ಕೊರತೆ, ಬೋಟು ಕಂಡರೆ ಆಗದು. ಹಡಗುಕಟ್ಟೆಯ ಹತ್ತಿರವೂ ಸುಳಿಯುತ್ತಿರಲಿಲ್ಲ. "ನೀರಿನ ಮೇಲೆ ಕೂತ್ರೆ ನನ್ನ ಹೊಟ್ಟೆ ನನ್ನ ಮಾತು ಕೇಳಲ್ಲ" ಎನ್ನುತ್ತಿದ್ದ. ಹುಟ್ಟಿದಾಗಿನಿಂದ ಬೋಟಿನಲ್ಲೇ ಬೆಳೆದ ನಮ್ಮ ಜನಕ್ಕೆ ಇದಕ್ಕಿಂತ ಒಳ್ಳೆಯ ತಮಾಷೆ ಸಿಗುವುದುಂಟೇ?

ಎರಡನೆಯ ಬೇಸಿಗೆಯಲ್ಲಿ ಅವನಿಗೆ ದಕ್ಷಿಣದ ದೊಡ್ಡ ಕಂಪನಿಯಿಂದ ಕರೆ ಬಂತು. ದೊಡ್ಡ ಜೆಟ್ ವಿಮಾನ, ದೂರದ ದೇಶಗಳು.

"ನೀವೇನಂತೀರಿ?" ಎಂದು ಸೂಪಿನ ಬಟ್ಟಲನ್ನೇ ನೋಡುತ್ತ ಕೇಳಿದ.

"ನನ್ನ ಯಾಕೆ ಕೇಳ್ತೀರಿ? ಒಳ್ಳೇ ಕೆಲಸ. ಹೋಗಿ."

ಅವನು ಇನ್ನೂ ಸ್ವಲ್ಪ ಹೊತ್ತು ಕಾದ. ಅವಳು ತೊಳೆದಿದ್ದ ಬಟ್ಟಲನ್ನೇ ಮತ್ತೆ ತೊಳೆದಳು.

ಬೇಡ ಎಂದಿದ್ದರೆ ನಿಲ್ಲುತ್ತಿದ್ದ. ಅದು ಅವಳಿಗೂ ಗೊತ್ತಿತ್ತು. ಆದರೆ ಅಂಗಲಾಚಿ ಯಾರನ್ನೂ ಉಳಿಸಿಕೊಳ್ಳುವ ಜಾಯಮಾನ ಅವಳದಲ್ಲ. ಆ ರಾತ್ರಿ ದಿಂಬು ಒದ್ದೆಯಾದದ್ದು ಬೇರೆ ಮಾತು. ಕೊನೆಗೆ ಒಂದು ನಿರ್ಧಾರಕ್ಕೆ ಬಂದಳು: ನಿಲ್ಲು ಅನ್ನುವುದಿಲ್ಲ, ಆದರೆ ಅವನು ಕೊನೆಯ ಸಲ ಬಂದ ದಿನ, ವಿಮಾನ ಹತ್ತುವ ಮುಂಚೆ, ನಿನ್ನನ್ನು ಪ್ರೀತಿಸುತ್ತೇನೆ ಎಂದು ಎದುರಿಗೆ ನಿಂತು ಹೇಳಿಬಿಡುವುದು. ತಿಳಿದುಕೊಂಡೇ ಹೋಗಲಿ.

ಆ ದಿನ ಇಡೀ ಊರು ರನ್‌ವೇಗೆ ಬಂತು. ಲೀಬಿ ಕೇಕು ಮಾಡಿದ್ದಳು, ಟೀಚರು ಪಿಟೀಲು ತಂದಿದ್ದರು. ಓಸ್ಲಾ ಕೂದಲು ಬಾಚಿಕೊಂಡಿದ್ದಳು, ಹೆಲ್ಮೆಟ್ಟಿನ ಕೆಳಗೆ ಯಾರಿಗೆ ಕಾಣಬೇಕೆಂದೋ! ಅಷ್ಟರಲ್ಲಿ ಕಡಲಿನಿಂದ ಮಂಜು ಎದ್ದು ಬಂತು. ನೋಡನೋಡುತ್ತ ಬೇಲಿ ಹೋಯಿತು, ಗಾಳಿಚೀಲ ಹೋಯಿತು.

"ಸುಲ್ವೆ, ಹತ್ರ ಬಂದಿದೀನಿ" ಎಂದಿತು ವೈರ್‌ಲೆಸ್. "ಕಲ್ಲು ಕಾಣ್ತಿದೆಯಾ?"

ಇವತ್ತು ವಿಮಾನದಲ್ಲಿ ಯಾರಿದ್ದಾರೆಂದು ಕೇಳಬೇಕಾಗಿರಲಿಲ್ಲ. ಓಸ್ಲಾ ಬಾಗಿಲಲ್ಲಿ ನಿಂತು ಗುಡ್ಡದತ್ತ ನೋಡಿದಳು. ಬೆಳ್ಳಗೆ ಏನೋ ಒಂದು ಇತ್ತು. ಕಲ್ಲೋ, ಮಂಜೋ?

"ಕಾಣುತ್ತೆ ಕಣೇ, ನೋಡಲ್ಲಿ!" ಎಂದ ಅವಳ ಚಿಕ್ಕಪ್ಪ ಗಿಬ್ಬಿ. "ಅರ್ಧ ಕಾಣುತ್ತೆ. ಬಾ ಅಂದ್ಬಿಡು. ಅವನೇನು ಹೊಸಬನಾ? ಕಣ್ಣು ಕಟ್ಟಿದ್ರೂ ಇಳಿಸ್ತಾನೆ."

"ಪಾಪ, ಕೊನೇ ಸಲ" ಎಂದಳು ಲೀಬಿ, ಕೇಕಿನ ತಟ್ಟೆ ಹಿಡಿದುಕೊಂಡೇ.

ಮೂಲೆಯ ಬೆಂಚಿನ ಮೇಲೆ ತಾಮಸ್ ಕೂತಿದ್ದ. ಅಪ್ಪ ಏನಾದರೂ ಹೇಳಲಿ ಎಂದು ಓಸ್ಲಾ ಒಂದು ಕ್ಷಣ ಕಾದಳು. ಆಮೇಲೆ ತಾನೇ ಮತ್ತೊಮ್ಮೆ ಗುಡ್ಡ ನೋಡಿದಳು. ವೈರ್‌ಲೆಸ್ಸಿನ ಗುಂಡಿ ಒತ್ತಿದಳು.

"ಕಲ್ಲು ಕಾಣ್ತಿಲ್ಲ."

ವೈರ್‌ಲೆಸ್ ಗರಗುಟ್ಟಿತು.

"ಓಸ್ಲಾ, ಇದು ನನ್ನ ಕೊನೇ ಸಲ. ನಾಳೆ ಬೇರೆಯವನು ಬರ್ತಾನೆ."

"ಗೊತ್ತು."

"ಸರಿಯಾಗಿ ನೋಡಿದ್ರಾ?"

"ನೋಡಿದೆ." ಹೆಲ್ಮೆಟ್ಟನ್ನು ಹಿಂದಕ್ಕೆ ತಳ್ಳಿದಳು. "ಎರ್ಲೆಂಡ್, ಇವತ್ತು ಬರಬೇಡ."

ಇಷ್ಟು ದಿನದಲ್ಲಿ ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ತಲೆಯ ಮೇಲೆ ಎಲ್ಲೋ ಇಂಜಿನ್ನಿನ ಸದ್ದು ಒಂದು ಸುತ್ತು ಹಾಕಿ ದೂರವಾಯಿತು. ಕೇಕನ್ನು ಯಾರೂ ಮುಟ್ಟಲಿಲ್ಲ. ಗಿಬ್ಬಿ ಕೋಟು ಬಿಚ್ಚಿ ಮೊಳೆಗೆ ತೂಗುಹಾಕಿದ.

ತಾಮಸ್ ತಡವರಿಸುತ್ತ ಎದ್ದು ಬಂದು ಮಗಳ ಭುಜ ಹುಡುಕಿ ಕೈಯಿಟ್ಟ. "ನಾನಾಗಿದ್ರೆ ಬಾ ಅಂದ್ಬಿಡ್ತಿದ್ದೆನೇನೋ ಮಗಳೇ" ಎಂದ. "ನೀನು ನನಗಿಂತ ಗಟ್ಟಿ." ಓಸ್ಲಾ ತಲೆ ತಗ್ಗಿಸಲಿಲ್ಲ. ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲೂ ಇಲ್ಲ. ಅವಳನ್ನು ಹೆತ್ತ ಊರು ನಮ್ಮದು ಎಂದು ನಮಗೆಲ್ಲ ಎದೆಯುಬ್ಬಿ ಬಂತು.

ಸಂಜೆ ದೊಡ್ಡ ದ್ವೀಪದ ಟಪಾಲು ಬೋಟು ಎಂದಿನಂತೆ ಹಾರನ್ ಬಾರಿಸುತ್ತ ಮಂಜಿನಿಂದ ಹೊರಬಂತು. ಮಂಜಿಗೆಲ್ಲ ಹೆದರುವ ಬೋಟಲ್ಲ ಅದು. ಕಾಗದದ ಚೀಲ ಇಳಿಯಿತು, ಹಿಟ್ಟಿನ ಮೂಟೆ ಇಳಿಯಿತು. ಆಮೇಲೆ ನಾಲ್ಕು ಕಾಲಲ್ಲಿ ತೆವಳಿಕೊಂಡು ಒಬ್ಬ ಮನುಷ್ಯ ಇಳಿದ. ಮುಖ ಪಾಚಿಯ ಬಣ್ಣಕ್ಕೆ ತಿರುಗಿತ್ತು. ತಲೆಯ ಮೇಲೆ ಪೈಲಟ್ ಟೋಪಿ ಇರಲಿಲ್ಲ, ಅದು ದಾರಿಯಲ್ಲೇ ಸಮುದ್ರ ಸೇರಿತ್ತು.

"ಅಯ್ಯೋ ದೇವ್ರೇ!" ಎಂದು ಲೀಬಿ ಕಿರುಚಿದಳು. "ಓಸ್ಲಾ, ಓಡಿ ಬಾರೇ! ನಿನ್ನ ಪಾರ್ಸಲ್ ಬಂದಿದೆ, ಪೂರ್ತಿ ನೆನೆದುಹೋಗಿದೆ!"

ಓಸ್ಲಾ ಓಡಲಿಲ್ಲ. ನಡೆದೇ ಬಂದಳು. ಆದರೆ ಅಂಥ ದಾಪುಗಾಲನ್ನು ನಾವು ಯಾರೂ ನೋಡಿರಲಿಲ್ಲ.

"ಬರಬೇಡ ಅಂದಿದ್ದೆನಲ್ಲ" ಎಂದಳು.

"ವಿಮಾನದಲ್ಲಿ ಬರಬೇಡ ಅಂದೆ." ಅವನು ಕಟ್ಟೆಯ ಗೋಡೆ ಹಿಡಿದು ಎದ್ದು ನಿಂತ. "ಬೋಟಿನ ವಿಷಯ ಎತ್ತಲಿಲ್ಲ. ಎಷ್ಟು ಸಲ ವಾಂತಿ ಆಯ್ತು ಅಂತ ಕೇಳಬೇಡ."

"ನಾಳೆ ದಕ್ಷಿಣಕ್ಕೆ ಹೋಗ್ಬೇಕಿತ್ತು ನೀನು."

"ಬೋಟು ಹತ್ತೋ ಮುಂಚೆ ಅವರಿಗೆ ಫೋನ್ ಮಾಡ್ದೆ. ಬರಲ್ಲ ಅಂದೆ. ನಮ್ಮ ಆಫೀಸಿನವರಿಗೂ ಹೇಳ್ದೆ, ನನ್ನ ಸೀಟು ಇನ್ನೊಬ್ಬನಿಗೆ ಕೊಡಬೇಡಿ ಅಂತ."

ಓಸ್ಲಾಳ ಗದ್ದ ಮೇಲೆದ್ದಿತು. "ನಾನು ನಿಲ್ಲು ಅಂತ ಕೇಳಲಿಲ್ಲ."

"ಕೇಳಲ್ಲ ಅಂತ ಗೊತ್ತು. ಬಾ ಅನ್ನೋರು ಎಲ್ಲಾ ಕಡೆ ಸಿಗ್ತಾರೆ, ಓಸ್ಲಾ. ಇಷ್ಟು ಆಸೆ ಇಟ್ಕೊಂಡೂ ನನ್ನ ಜೀವ ಉಳೀಲಿ ಅಂತ ಬರಬೇಡ ಅನ್ನೋಳು ನನಗೆ ಇನ್ನೆಲ್ಲಿ ಸಿಗ್ತಾಳೆ?"

"ಆಸೆ ಇತ್ತು ಅಂತ ಯಾರಂದ್ರು ನಿನಗೆ?"

"ನಿನ್ನ ದನಿ."

ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ಇವತ್ತು ನೀನು ಹೊರಡೋ ಮುಂಚೆ ಹೇಳ್ಬೇಕು ಅಂತಿದ್ದೆ" ಎಂದಳು. "ಪ್ರೀತಿಸ್ತೀನಿ ನಿನ್ನ. ಅಷ್ಟೇ. ಹೇಳಾಯ್ತು."

ಎರ್ಲೆಂಡ್ ಅವಳ ಎರಡೂ ಕೈ ಹಿಡಿದುಕೊಂಡ. ಕಟ್ಟೆಯ ಮೇಲೆ ಮೂಟೆ ಹೊರುತ್ತಿದ್ದವರೆಲ್ಲ ಮೂಟೆ ಇಳಿಸಿ ನಿಂತರು.

"ಹಾಗಾದ್ರೆ ಇಲ್ಲೇ ಇರಲಾ?"

ಓಸ್ಲಾ ಅಭ್ಯಾಸಬಲದಿಂದ ಮೊದಲು ಗುಡ್ಡದತ್ತ ನೋಡಿದಳು. ಆಮೇಲೆ ಅವನತ್ತ ತಿರುಗಿದಳು.

"ಕಲ್ಲು ಇನ್ನೂ ಕಾಣ್ತಿಲ್ಲ. ಇವತ್ತು ಇಲ್ಲಿಂದ ಯಾರೂ ಹೋಗೋ ಹಾಗಿಲ್ಲ."

"ನಾಳೆ ಕಂಡ್ರೆ?"

"ಕಂಡ್ರೆ ಕಂಡಿದೆ ಅಂತಲೇ ಹೇಳ್ತೀನಿ. ನಿನಗೋಸ್ಕರ ಸುಳ್ಳು ಹೇಳ್ತೀನಿ ಅಂದ್ಕೊಂಡ್ಯಾ?" ಅವನ ಒದ್ದೆ ಕೂದಲನ್ನು ಹಣೆಯಿಂದ ಸರಿಸಿದಳು. "ಹೋಗಿ ಬಾ. ನಾನು ಬಾಗಿಲಲ್ಲೇ ನಿಂತಿರ್ತೀನಿ."