ಅನ್ನ ಬೇಯುವಷ್ಟು ಉದ್ದದ ಹಾಡು

ಅವನು ನನ್ನ ಕಣ್ಣನ್ನು ನೋಡುತ್ತಿರಲಿಲ್ಲ, ತುಟಿಯನ್ನು ನೋಡುತ್ತಿದ್ದ. ಹುಡುಗಿಯರಿಗೆ ಇಂಥದ್ದು ಬೇಗ ಗೊತ್ತಾಗುತ್ತದೆ.

ನಮ್ಮ ಸಮುದಾಯ ರೇಡಿಯೋ ಇದ್ದದ್ದು ಹಾರ್ಡ್‌ವೇರ್ ಅಂಗಡಿಯ ಮಹಡಿ ಮೇಲೆ. ಎರಡೇ ಕೋಣೆ. ಒಂದರಲ್ಲಿ ಮೈಕು, ನಾನು, ಸದ್ದು ಹೀರಲೆಂದು ಗೋಡೆ ತುಂಬ ಅಂಟಿಸಿದ ಮೊಟ್ಟೆ ಟ್ರೇಗಳು. ಇನ್ನೊಂದರಲ್ಲಿ ಕಂಪ್ಯೂಟರ್, ದನಿಯ ಏರಿಳಿತ ತೋರಿಸುವ ಹಸಿರು ದೀಪಗಳ ಸಾಲು, ಮತ್ತು ಅವನು. ನಡುವೆ ಒಂದು ದಪ್ಪ ಗಾಜು.

ಅವನು ರೆಕಾರ್ಡಿಂಗ್ ನೋಡಿಕೊಳ್ಳುವವನು. ಮಾತು ಕಡಿಮೆ, ಅದಕ್ಕೆ ಎಲ್ಲರಿಗೂ ಅವನು ಮೌನಿ. ನಾನು ನಿರೂಪಕಿ, ನನಗಿಟ್ಟ ಹೆಸರು ವಟವಟ. ಇವರಿಬ್ಬರಿಗೆ ಗಂಟು ಹಾಕಿದರೆ ಮನೆಯ ತಕ್ಕಡಿ ಸರಿಹೋಗುತ್ತದೆ ಎಂದು ಸ್ಟೇಷನ್ ನಡೆಸುವ ಮೇಡಂ ಒಮ್ಮೆ ನಕ್ಕಿದ್ದರು. ನಾನು ಸಿಟ್ಟು ಬಂದವಳಂತೆ ಮುಖ ಊದಿಸಿಕೊಂಡು, ಮರುದಿನ ಲಿಪ್‌ಸ್ಟಿಕ್ ಹಚ್ಚಿಕೊಂಡು ಬಂದಿದ್ದೆ.

ಅಜ್ಜಿಯ ಕಥೆ ಕೇಳಿ ಬೆಳೆದವಳು ನಾನು. ಅವಳ ಕಥೆಗಳಲ್ಲಿ ಏಳು ಬಾಗಿಲ ಕೋಟೆಯೊಳಗೆ ಕೂತ ರಾಜಕುಮಾರಿಯನ್ನು ಕಿಂಡಿಯಿಂದ ಕಂಡವನೇ ಮಾಲೆ ಹಾಕಿಸಿಕೊಳ್ಳುತ್ತಿದ್ದ. ನನಗೆ ಏಳು ಬಾಗಿಲೇನೂ ಬೇಕಿರಲಿಲ್ಲ, ಒಂದು ಗಾಜು ಸಾಕಾಗಿತ್ತು. ನಾನು ತಲೆ ತಗ್ಗಿಸಿ ಓದಿದರೆ ಅವನು ಬೆರಳಿನಿಂದ ಗಾಜು ಬಡಿದು, ಮುಖ ಎತ್ತಿ ಎಂದು ಸನ್ನೆ ಮಾಡುತ್ತಿದ್ದ. ಮೈಕಿಗೆ ಹಾಗೇ ಒಳ್ಳೆಯದು ಅಂತ ನೆಪ ಬೇರೆ. ನೆಪವೆಂದು ಗೊತ್ತಿದ್ದೂ ಗೊತ್ತಿಲ್ಲದವಳಂತೆ ಮುಖ ಎತ್ತುವುದರಲ್ಲಿ ಎಷ್ಟು ಸುಖವಿತ್ತು.

ವಾರಕ್ಕೊಮ್ಮೆ ನಮ್ಮದೊಂದು ಕಾರ್ಯಕ್ರಮ. ಅತಿಥಿಯಾಗಿ ಬಂದವರು ಸ್ಟುಡಿಯೋದಲ್ಲೇ ಕರೆಂಟ್ ಒಲೆ ಇಟ್ಟು ಅಡುಗೆ ಮಾಡಬೇಕು, ಅಡುಗೆ ಮಾಡುವಾಗ ತಾವು ಹಾಡಿಕೊಳ್ಳುವ ಹಾಡನ್ನೇ ಹಾಡಬೇಕು. ಆ ಸಲ ಬಂದವರು ಆಸ್ಪತ್ರೆ ಕ್ಯಾಂಟೀನಿನ ದೊಡ್ಡಮ್ಮ. ಅವರಿಗೆ ಒಲೆ ಮುಂದೆ ಗಡಿಯಾರ ಬೇಕಿರಲಿಲ್ಲ. ಕುದಿಯುವ ನೀರಿಗೆ ಅಕ್ಕಿ ಬಿದ್ದಾಗ ಹಾಡು ಶುರು, ಹಾಡು ಮುಗಿದಾಗ ಅನ್ನ ಬೆಂದಿರುತ್ತಿತ್ತು. ತಾಯಿ ಕಲಿಸಿದ್ದು. ಮಗಳು ತೀರಿಕೊಂಡ ಮೇಲೆ ಅದು ಬಾಯಿಗೆ ಬಂದೇ ಇರಲಿಲ್ಲವಂತೆ. ಮೊಮ್ಮಗಳು ಕೇಳಲಿ, ಇದೊಂದು ಸಲ ಹಾಡುತ್ತೇನೆ ಎಂದರು.

ಬಾಣಲೆಗೆ ಈರುಳ್ಳಿ ಬಿತ್ತು, ಪಾತ್ರೆಗೆ ಅಕ್ಕಿ ಬಿತ್ತು. ಹಾಡುವಾಗ ಎರಡು ಕಡೆ ದನಿ ನಡುಗಿತು, ನಿಲ್ಲಲಿಲ್ಲ. ಹಾಡು ಮುಗಿಸಿ ಮುಚ್ಚಳ ತೆಗೆದರೆ ಅನ್ನ ಮಲ್ಲಿಗೆಯಂತೆ ಅರಳಿತ್ತು. ದೊಡ್ಡಮ್ಮ ಅಂಗೈಯಿಂದ ಕಣ್ಣೊರೆಸಿಕೊಂಡು, ಹೊಗೆ ಎಂದರು. ಕರೆಂಟ್ ಒಲೆಯಲ್ಲಿ ಹೊಗೆ ಎಲ್ಲಿಂದ ಬರಬೇಕು.

ಮರುದಿನ ಅದು ಪ್ರಸಾರವಾಗುವ ಹೊತ್ತಿಗೆ ನಾನು ಮೆಟ್ಟಿಲ ಬಳಿ ಬಂದಿದ್ದೆ. ಹಾರ್ಡ್‌ವೇರ್ ಅಂಗಡಿಯವರು ರೇಡಿಯೋ ಹಾಕಿದ್ದರು. ದೊಡ್ಡಮ್ಮನ ದನಿಯ ಜೊತೆಗೇ ಸಣ್ಣನೆಯ ಒಂದು ಸೀಟಿ, ಮೊದಲಿನಿಂದ ಕೊನೆತನಕ, ಕಿವಿಯೊಳಗೆ ಸೂಜಿ ಆಡಿಸಿದ ಹಾಗೆ. ಒಲೆಯ ವೈರಿನಿಂದ ಮೈಕಿನ ಲೈನಿಗೆ ನುಗ್ಗಿದ್ದು. ಸ್ಟುಡಿಯೋದಲ್ಲಿ ಕೂತವರಿಗೆ ಅದು ಕೇಳುವುದಿಲ್ಲ, ಹೆಡ್‌ಫೋನ್ ಹಾಕಿದವನಿಗೆ ಮಾತ್ರ ಕೇಳಬೇಕು.

"ಏನಮ್ಮಾ, ಕುಕ್ಕರ್ ಕೂಗಿಸ್ತಿದ್ದೀರಾ?" ಎಂದು ಅಂಗಡಿಯವರು ರೇಡಿಯೋ ಆರಿಸಿದರು.

ಮೇಲೆ ಓಡಿದೆ. ಅವನು ಹೆಡ್‌ಫೋನನ್ನು ಕುತ್ತಿಗೆಗೆ ಇಳಿಬಿಟ್ಟು, ಹಸಿರು ದೀಪಗಳನ್ನು ನೋಡುತ್ತಾ ನೆಮ್ಮದಿಯಾಗಿ ಕೂತಿದ್ದ. ಸ್ಪೀಕರಿನಿಂದ ಸೀಟಿ ಕೋಣೆಯನ್ನೇ ಕೊರೆಯುತ್ತಿತ್ತು. ಬೆನ್ನ ಹಿಂದೆ ನಿಂತು ಕರೆದೆ. ಜೋರಾಗಿ ಕರೆದರೂ ಅವನು ಅಲುಗಲಿಲ್ಲ. ತುಟಿ ನೋಡುತ್ತಿದ್ದದ್ದು, ಗಾಜು ಬಡಿಯುತ್ತಿದ್ದದ್ದು, ಎಲ್ಲ ಒಮ್ಮೆಲೇ ಅರ್ಥವಾಯಿತು.

ಕೇಳುವವರಿಲ್ಲ ಎಂದು ಗೊತ್ತಾದಾಗಲೇ ಕೆಲವು ಮಾತಿಗೆ ಧೈರ್ಯ ಬರುವುದು. ನೀವಂದ್ರೆ ನನಗೆ ಜೀವ ಎಂದುಬಿಟ್ಟೆ.

ಅವನು ತಿರುಗಲಿಲ್ಲ. ಬೆರಳೆತ್ತಿ ಮುಂದೆ ತೋರಿಸಿದ. ಆಚೆ ಕೋಣೆಯಲ್ಲಿ ದೀಪ ಆರಿತ್ತು, ಗಾಜು ಕನ್ನಡಿಯಾಗಿತ್ತು.

"ನೀವು ಹೇಳಿದ್ದು ಕಂಡಿತು," ಎಂದ. "ಕೇಳಿಸಲಿಲ್ಲ."

ಸಣ್ಣ ದನಿಗಳು ಮೊದಲು ಹೋದವಂತೆ. ಬಾಣಲೆಗೆ ಈರುಳ್ಳಿ ಬೀಳುವ ಸದ್ದು ಅವನಿಗೆ ಎಷ್ಟೋ ಕಾಲದಿಂದ ಕೇಳಿಲ್ಲ. ಅಲ್ಪಸ್ವಲ್ಪ ಉಳಿದದ್ದೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ದೀಪಗಳು ಸರಿಯಾಗಿ ಕುಣಿಯುತ್ತಿದ್ದರೆ ಹಾಡೂ ಸರಿಯಾಗಿದೆ ಎಂದುಕೊಂಡು ಕೆಲಸ ದೂಡುತ್ತಿದ್ದ. ನಾನು ಸೀಟಿಯ ವಿಷಯ ಹೇಳಿದೆ. ನಿಧಾನವಾಗಿ, ಮುಖ ಎತ್ತಿ. ಅವನ ಮುಖದಲ್ಲಿ ರಕ್ತ ಉಳಿಯಲಿಲ್ಲ.

ಮಧ್ಯಾಹ್ನ ದೊಡ್ಡಮ್ಮ ಬಂದರು. ಮೊಮ್ಮಗಳು ಕಿವಿ ಮುಚ್ಚಿಕೊಂಡು ಎದ್ದು ಹೋದಳಂತೆ. ಏನಾಯಿತು ಎಂದು ಮೇಡಂ ಕೇಳುವ ಮೊದಲೇ ನಾನು, ಮೈಕು ಕೆಟ್ಟಿತ್ತು ಎಂದೆ. ಅವನು ಅದನ್ನೂ ನನ್ನ ತುಟಿಯಲ್ಲಿ ಓದಿಬಿಟ್ಟ.

"ಮೈಕು ಸರಿ ಇತ್ತು. ನನ್ನ ಕಿವಿ ಸರಿ ಇಲ್ಲ."

ದೊಡ್ಡಮ್ಮ ಅವನನ್ನು ನೋಡಿದರು. ಬೈದಿದ್ದರೆ ಹಗುರಾಗುತ್ತಿತ್ತು. "ಇನ್ನೊಂದ್ಸಲ ಹಾಡಿ ಅಂತ ಮಾತ್ರ ಕೇಳಬೇಡ ಮಗಾ. ಅದು ಒಂದೇ ಸಲಕ್ಕೆ ಬಂದಿದ್ದು," ಎಂದು ಹೇಳಿ, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು.

ನಾಳೆಯಿಂದ ಬರುವುದು ಬೇಡ ಎಂದು ಮೇಡಂ ತಲೆ ತಗ್ಗಿಸಿಕೊಂಡು ಹೇಳಿದರು. ಹೇಳಿದ್ದು ಅವನಿಗೆ ಗೊತ್ತಾಗಲಿಲ್ಲ. ಮುಖ ಎತ್ತಿ ಇನ್ನೊಮ್ಮೆ ಹೇಳಬೇಕಾಯಿತು.

ಸಂಜೆ ಅವನು ಚೀಲ ಹಿಡಿದು ಹೊರಟಾಗ ಮೆಟ್ಟಿಲಲ್ಲಿ ಅಡ್ಡ ಕೂತೆ. ನನ್ನ ಸಂಕಟ ಸ್ವಾರ್ಥದ್ದಾಗಿತ್ತು.

"ಇಷ್ಟು ದಿನ ನೋಡಿದ್ದು ಮಾತಿಗೋಸ್ಕರ ಅನ್ನಿ. ನಾನು ಪೆದ್ದಿ, ಲಿಪ್‌ಸ್ಟಿಕ್ ಹಚ್ಕೊಂಡು ಬಂದೆ."

"ಅದರಿಂದ ಓದೋದು ಸುಲಭ ಆಯ್ತು," ಎಂದ. ನಗು ಬಂತು, ಅದರ ಹಿಂದೆಯೇ ಅಳು. ಅವನು ಎರಡು ಮೆಟ್ಟಿಲು ಕೆಳಗೆ ಕೂತು ನನ್ನ ಕಡೆ ತಿರುಗಿದ.

"ಮೊದಮೊದಲು ಮಾತಿಗೇ. ಆದ್ರೆ ಹಾಡು ಹಾಕಿ ನೀವು ಸುಮ್ಮನೆ ಕೂತಾಗಲೂ ನೋಡ್ತಿದ್ದೆನಲ್ಲ. ಆಗ ಓದೋಕೆ ಏನಿತ್ತು?"

ಮುಂದೆ ಎಲ್ಲಿಗೆ ಎಂದು ಕೇಳಿದೆ. ಅಕ್ಕನ ಊರಿಗೆ ಹೋಗುತ್ತಾನಂತೆ, ಭಾವನ ಪ್ರೆಸ್ಸಿನಲ್ಲಿ ಕೆಲಸ. ಅಲ್ಲಿ ಮೆಷಿನ್ನಿನ ಗದ್ದಲಕ್ಕೆ ಎಲ್ಲರೂ ಕಿವುಡರೇ, ಇವನೊಬ್ಬ ಹೆಚ್ಚಲ್ಲ. ನೀವು ಮಾತ್ರ ಬರಬೇಡಿ ಎಂದ.

"ದನಿಯಿಂದ ಬದುಕೋರು ನೀವು. ಕಿವುಡನ ಮುಂದೆ ಎಷ್ಟು ದಿನ ಅಂತ ಮಾತಾಡ್ತೀರಾ?"

ಬರುತ್ತೇನೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕೆಳಗೆ ಅಂಗಡಿಯವರು ಶಟರ್ ಎಳೆದರು. ಮೆಟ್ಟಿಲಿಗೆ ಬೀಳುತ್ತಿದ್ದ ಬೆಳಕು ಹೋಯಿತು, ಬೀದಿ ದೀಪ ಇನ್ನೂ ಹತ್ತಿರಲಿಲ್ಲ. ಆ ಕತ್ತಲಲ್ಲಿ ನನ್ನ ತುಟಿ ಅವನಿಗೆ ಕಾಣುವ ಹಾಗಿರಲಿಲ್ಲ. ನಾನು ಬಾಯಿ ಮುಚ್ಚಿದೆ.

ಅವನು ಮುಖ ತಿರುಗಿಸಲಿಲ್ಲ. ನೋಡುತ್ತಲೇ ಇದ್ದ.