ಅವ್ವನ ಭರಣಿಯ ಗುಟುಕು

ಬಹಳ ಹಿಂದೆ, ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ, ಗವಿಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ಕೋಟೆಯನ್ನು ವಕ್ರಕೇತನೆಂಬ ಮಾಂತ್ರಿಕ ಹಿಡಿದು ಕೂತಿದ್ದ. ಮಾಯಾವಿದ್ಯೆಯ ಆಸೆಗೆ ಅವನು ತನ್ನ ನಾಲಗೆಯ ರುಚಿಯನ್ನೇ ಒಂದು ಭೂತಕ್ಕೆ ಕೊಟ್ಟುಬಿಟ್ಟಿದ್ದ. ಅಂದಿನಿಂದ ಅವನಿಗೆ ಪಾಯಸವೂ ಒಂದೇ, ಬೂದಿಯೂ ಒಂದೇ. ಚಪಲ ಮಾತ್ರ ಹೋಗಿರಲಿಲ್ಲ ನೋಡಿ! ದ್ರಾಕ್ಷಾರಸದ ರುಚಿ ಬಲ್ಲವರನ್ನೆಲ್ಲ ಹಿಡಿದು ತರಿಸುತ್ತಿದ್ದ. ಅವರು ಸವಿದು ಹೇಳಬೇಕು, ಇವನು ಕೇಳಬೇಕು. ತನಗಿಲ್ಲದ ಸುಖ ಇನ್ನೊಬ್ಬರಿಗೂ ಬೇಡವೆಂದು, ಆ ಕೋಟೆಯೊಳಗೆ ಒಂದು ಹನಿ ರಸ ನುಂಗಿದವರೂ ಮಣ್ಣಿನ ಭರಣಿಯಾಗಲಿ ಎಂದು ಮಂತ್ರ ಹಾಕಿದ್ದ.

ತಪ್ಪಲಿನ ಪುಟ್ಟ ದ್ರಾಕ್ಷಿತೋಟದ ಬೊಮ್ಮಣ್ಣ ಹೀಗೇ ಭರಣಿಯಾದ. ಸುದ್ದಿ ಕೇಳಿದ ಅವನ ಹೆಂಡತಿ ಮಲ್ಲಾಜಿ ಅತ್ತಳು, ಗಂಡನನ್ನು ಬಾಯಿಗೆ ಬಂದಂತೆ ಬೈದಳು, ಆಮೇಲೆ ಸೆರಗು ಬಿಗಿದು ಕೋಟೆಗೆ ನಡೆದಳು.

"ಮೂರು ಬಟ್ಟಲು," ಎಂದ ವಕ್ರಕೇತ. "ಯಾವ ರಸ ಅಂತ ಸರಿಯಾಗಿ ಹೇಳಿದ್ರೆ ಎಲ್ಲರನ್ನೂ ಬಿಡ್ತೀನಿ. ತಪ್ಪಿದ್ರೆ, ಇಲ್ಲಾ ನುಂಗಿದ್ರೆ, ಗಂಡನ ಪಕ್ಕದಲ್ಲೇ ನಿನಗೂ ಜಾಗ ಇದೆ."

ಮೂರು ಕಣ್ಣಿನ ತೋಳವೊಂದು ಬಂದು ಅವಳ ಗಂಟಲನ್ನೇ ನೋಡುತ್ತಾ ಕೂತಿತು.

ಮಲ್ಲಾಜಿ ಬಟ್ಟಲುಗಳ ಮುಂದೆ ನಿಂತಳು. ಮೊದಲ ಬಟ್ಟಲಿನ ರಸವನ್ನು ಬಾಯಿಗೆ ಹಾಕಿ, ಮುಕ್ಕಳಿಸಿ, ಬೂದಿಯ ತೊಟ್ಟಿಗೆ ಉಗುಳಿದಳು. ತೋಟದಲ್ಲಿ ರುಚಿ ನೋಡುವವರ ಪದ್ಧತಿಯೇ ಅದು.

"ಹೋದ ಸುಗ್ಗಿಯದು. ಹುಳಿ ಮುಚ್ಚೋಕೆ ಜೇನು ಸುರಿದಿದ್ದಾರೆ."

"ಸರಿ," ಎಂದ ಮಾಂತ್ರಿಕ.

ಎರಡನೆಯದು ಬಾಯಿಗೆ ಬಿದ್ದದ್ದೇ ತಡ, ಹಾವಿನ ಹಾಗೆ ಗಂಟಲಿನ ಕಡೆ ಹರಿಯಿತು. ಅವಳು ಉಸಿರು ಬಿಗಿಹಿಡಿದು ತಲೆ ಬಗ್ಗಿಸಿದಳು. ತೋಳ ಎದ್ದು ನಿಂತಿತು. ರಸ ಕಿರುನಾಲಗೆಯನ್ನು ತಟ್ಟಿ ತಟ್ಟಿ ದಾರಿ ಕೇಳಿತು. ಅವಳು ದಾರಿ ಕೊಡಲಿಲ್ಲ, ಕೆಮ್ಮುತ್ತಾ ಉಗುಳಿದಳು.

"ಇದು ದ್ರಾಕ್ಷಿಯೇ ಅಲ್ಲ, ನೇರಳೆಹಣ್ಣು. ಯಾರಿಗೆ ಮಂಕುಬೂದಿ ಎರಚ್ತೀಯ?"

ಮಾಂತ್ರಿಕ ಸರಿಯೆಂದು ತಲೆಯಾಡಿಸಿದ. ಮೂರನೆಯದನ್ನು ತಾನೇ ತಂದುಕೊಟ್ಟ. ಹಳೆಯದಾಗಿ ಅಂಚಿನಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದ ಕೆಂಪು ರಸ. ನಾಲಗೆಗೆ ಮುಟ್ಟಿದೊಡನೆ ಮಲ್ಲಾಜಿಗೆ ಅವ್ವನ ಕೈರುಚಿ ಗೊತ್ತಾಯಿತು. ಅವಳ ಮದುವೆಯ ವರ್ಷ, ತೀರಿಕೊಳ್ಳುವ ಮುಂಚೆ, ಅವ್ವ ತುಂಬಿ ಬಾಯಿ ಕಟ್ಟಿಟ್ಟಿದ್ದ ಭರಣಿಯದು. ಅದನ್ನು ತೆರೆಯಲು ಅವಳಿಗೆ ಎಂದೂ ಮನಸ್ಸು ಬಂದಿರಲಿಲ್ಲ; ಬೊಮ್ಮಣ್ಣನನ್ನು ಹಿಡಿದ ದಿನ ಮಾಂತ್ರಿಕನ ಆಳುಗಳು ಅದನ್ನೂ ಹೊತ್ತು ತಂದಿದ್ದರು. ಗಂಡ ಯಾಕೆ ನುಂಗಿದ ಎನ್ನುವುದೂ ಈಗ ಅರ್ಥವಾಯಿತು. ಮೈಯೆಲ್ಲ ನುಂಗು, ನುಂಗು ಎನ್ನುತ್ತಿತ್ತು. ತೋಳದ ಬಿಸಿಯುಸಿರು ಕತ್ತಿಗೆ ತಾಗಿತು. ಕಣ್ಣೀರು ಸುರಿಯುತ್ತಿದ್ದಂತೆ ಅವಳು ಅವ್ವನ ರಸವನ್ನು ಬೂದಿಗೆ ಉಗುಳಿದಳು. ಅಷ್ಟು ಸಂಕಟ ಅವಳಿಗೆ ಎಂದೂ ಆಗಿರಲಿಲ್ಲ.

"ನಮ್ಮ ತೋಟದ್ದು," ಎಂದಳು. "ನಮ್ಮವ್ವ ಮಾಡಿದ್ದು. ನನ್ನ ಮದುವೆ ವರ್ಷದ್ದು."

ಮೂರೂ ಸರಿಯಾಗಿತ್ತು. ಆದರೆ ವಕ್ರಕೇತನಿಗೆ ಈಗ ಪಂದ್ಯದ ನೆನಪೇ ಇರಲಿಲ್ಲ.

"ಅಳೋ ಅಂಥದ್ದು ಏನಿತ್ತು ಅದರಲ್ಲಿ? ರುಚಿ ಹೇಳು!"

"ಮೊದಲು ಒಣಗಿದ ದಾಳಿಂಬೆ. ಆಮೇಲೆ ಲವಂಗ. ಆಮೇಲೆ ಹೊಸ ಮಳೆ ಬಿದ್ದ ಕೆಮ್ಮಣ್ಣು."

"ಆಮೇಲೆ?"

"ಆಮೇಲಿಂದು ಗಂಟಲಿಗಿಳಿದ ಮೇಲೆ ಗೊತ್ತಾಗೋದು. ನೀನು ಯಾರನ್ನೂ ನುಂಗೋಕೆ ಬಿಡಲ್ವಲ್ಲ!"

ಮಾಂತ್ರಿಕ ಹಲ್ಲು ಕಡಿದ. ಬಟ್ಟಲನ್ನು ನೋಡಿದ, ಅವಳ ಒದ್ದೆ ಮುಖ ನೋಡಿದ. ಎಷ್ಟೋ ವರ್ಷಗಳ ಹಸಿವು ಅವನದು, ತಡೆಯಲಾಗಲಿಲ್ಲ. "ನನ್ನ ಮಂತ್ರ ನನಗೇನು ಮಾಡೀತು!" ಎಂದು ಬಟ್ಟಲೆತ್ತಿ ಗಟಗಟ ಕುಡಿದ. ತನ್ನದೇ ಮಂತ್ರ ತಗುಲಿ ಅವನ ಮಾಯಾವಿದ್ಯೆ ಕಳಚಿತು, ಭೂತಕ್ಕೆ ಕೊಟ್ಟಿದ್ದ ರುಚಿ ಮರಳಿ ಬಂತು; ಒಂದು ಗಳಿಗೆ ಅವನ ಮುಖ ಮಗುವಿನ ಮುಖದಂತೆ ಅರಳಿತು. "ಆಹಾ, ದಾಳಿಂಬೆ..." ಎಂದವನು ಅಲ್ಲೇ ಮಣ್ಣಿನ ಭರಣಿಯಾಗಿ ನಿಂತ.

ಸಾಲಾಗಿಟ್ಟಿದ್ದ ಭರಣಿಗಳೆಲ್ಲ ಫಟ್ ಫಟ್ ಎಂದು ಒಡೆದು ಮನುಷ್ಯರು ಹೊರಬಂದರು. ತೋಳ ಬಾಲ ಮುದುರಿಕೊಂಡು ಕಾಡಿಗೆ ಓಡಿತು. ಬೊಮ್ಮಣ್ಣ ತಲೆ ತಗ್ಗಿಸಿಕೊಂಡು ಬಂದ.

"ತಪ್ಪಾಯ್ತು ಕಣೇ. ಬಾಯಿ ತಡೀಲಿಲ್ಲ."

"ಗೊತ್ತು ಬಿಡಿ," ಎಂದಳು ಮಲ್ಲಾಜಿ.

ಅವ್ವನ ಭರಣಿಯ ತಳದಲ್ಲಿ ಒಂದು ಗುಟುಕು ಉಳಿದಿತ್ತು. ಕೋಟೆಯ ಅಂಗಳದ ಬಿಸಿಲಲ್ಲಿ ಕೂತು ಮಲ್ಲಾಜಿ ಅದನ್ನು ನಿಧಾನವಾಗಿ ನುಂಗಿದಳು, ಮನಸಾರೆ ಅತ್ತಳು. ಅಂದಿನಿಂದ ಗವಿಗಿರಿಯಲ್ಲಿ ಯಾರೂ ಬಾಯಿಗೆ ಬಂದ ತುತ್ತನ್ನು ಹೆದರಿ ಉಗುಳಲಿಲ್ಲ. ಉಂಡರು, ಕುಡಿದರು, ನೆಮ್ಮದಿಯಾಗಿ ಬಾಳಿದರು.