ಹಾರದ ಕೊನೆಯ ಗಂಟು

ಒದ್ದೆ ಬಟ್ಟೆಯಿಂದ ವೀಳ್ಯದೆಲೆಯ ಬೆನ್ನು ಒರೆಸುವುದು. ತೊಟ್ಟುಗಳೆಲ್ಲ ಒಂದೇ ಕಡೆ ಬರುವಂತೆ ಜೋಡಿಸುವುದು. ಬಾಳೆಯ ನಾರಿನಿಂದ ಕಟ್ಟುವುದು. ಮತ್ತೆ ಒರೆಸುವುದು...

ಸವಣೂರಿನ ಆ ಮನೆಯ ಪಡಸಾಲೆಯಲ್ಲಿ ಅಣ್ಣ ಕನಕಪ್ಪ ಒಂದು ಮೂಲೆಗೆ, ತಂಗಿ ಯಶೋಧರಾ ಇನ್ನೊಂದು ಮೂಲೆಗೆ ಕುಳಿತು ಎಲೆ ಕಟ್ಟುತ್ತಿದ್ದರು. ಇಬ್ಬರ ನಡುವೆ ಮಾತೇ ಇರಲಿಲ್ಲ.

ಆದರೆ ಯಶೋಧರಾಳ ವೇಲಿನ ಮರೆಯಲ್ಲಿ, ಬಲಗಿವಿಗೆ ಸಿಕ್ಕಿಸಿದ ಇಯರ್‌ಫೋನಿನಲ್ಲಿ, ಯಾರೂ ಕಾಣದ ಒಂದು ಲೋಕವಿತ್ತು. ಆ ಲೋಕದಿಂದ ಒಂದು ಗಂಡಸಿನ ದನಿ ಬಂತು.

"ಈ ತಿಂಗಳ ಹಾರದಾಗ ಮೂರನೇ ಹಾಡು... ನಮ್ಮ ಗುಂಪಿನ್ಯಾಗ 'ಎಲಿ' ಅಂತ ಒಬ್ಬರು ಅದಾರ. ಒಂದಿನಾನೂ ಮಾತಾಡಿಲ್ಲ. ಚಲೋ ಹಾಡ ಬಂದ್ರ ಒಂದು ಹಸರ ಎಲಿ ಇಟ್ಟು ಸುಮ್ನ ಹೋಗ್ತಾರ. ಈ ಹಾಡು ಅವರಿಗೆ."

ಕೈಯಲ್ಲಿದ್ದ ಎಲೆ ಜಾರಿ ಬಿತ್ತು.

*ನನಗ! ನನಗ ಅಂದ್ರಾ?*

ಕನಕಪ್ಪ ತಲೆ ಎತ್ತಿ ನೋಡಿದ. ಅವಳು ಎಲೆ ಎತ್ತಿಕೊಂಡು, ಒರೆಸಿದ್ದನ್ನೇ ಮತ್ತೆ ಒರೆಸತೊಡಗಿದಳು.

'ತಿಂಗಳ ಹಾರ' ಎಂಬ ಫೋನಿನ ಆ ಗುಂಪಿಗೆ ಅವಳನ್ನು ಸೇರಿಸಿದವಳು ಶಿಗ್ಗಾಂವದ ಫರ್ಹತ. ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂಡುತ್ತಿದ್ದ ಗೆಳತಿ. ಗುಂಪು ಶುರು ಮಾಡಿದವಳೂ ಅವಳೇ. ಹಾಡಿನ ಹುಚ್ಚಿರುವ ಮಂದಿ, ಎಲ್ಲೆಲ್ಲಿಯವರೋ. ತಿಂಗಳಿಗೊಬ್ಬರು ತಮಗೆ ಸಿಕ್ಕ ಹಾಡುಗಳನ್ನು ಪೋಣಿಸಿ ಹಾಕಬೇಕು. ತತ್ವಪದದ ಪಕ್ಕಕ್ಕೆ ಆಫ್ರಿಕಾದ ಗಿಟಾರು, ಕವ್ವಾಲಿಯ ಹಿಂದೆಯೇ ಗೀಗೀ ಪದ, ಹಳೆಯ ಕಂಪನಿ ನಾಟಕದ ಹಾಡಾದ ಮೇಲೆ ಯಾವುದೋ ದೇಶದ ಮೀನುಗಾರರ ಕೂಗು... ಏನಾದರೂ ಸರಿ, ಒಂದಕ್ಕೊಂದು ಹೊಂದಬೇಕು.

ಹಾರದ ಕೊನೆಯ ಹಾಡಿಗೆ 'ಗಂಟು' ಎನ್ನುತ್ತಿದ್ದರು. ಅದರಲ್ಲಿ ಹಾಕಿದವರ ಸ್ವಂತ ಸುದ್ದಿ ಇರಬೇಕು. ಒಮ್ಮೆ ವಸೀಮ ಎಂಬವನ ಗಂಟು ಜೋಗುಳವಾಗಿತ್ತು. ಅವನಿಗೆ ಕೂಸು ಹುಟ್ಟಿದೆ ಎಂದು ಎಲ್ಲರಿಗೂ ತಿಳಿಯಿತು. ಗಂಟಿನ ಬಗ್ಗೆ ಯಾರೂ ಪ್ರಶ್ನೆ ಕೇಳುವಂತಿಲ್ಲ, ಮಾತಿನಲ್ಲಿ ಉತ್ತರ ಕೊಡುವಂತಿಲ್ಲ. ಹೇಳುವುದಿದ್ದರೆ ಮುಂದಿನ ಹಾರದ ಮೊದಲ ಹಾಡಿನಲ್ಲೇ ಹೇಳಬೇಕು. ಅದು ಅಲ್ಲಿಯ ಪದ್ಧತಿ.

ಯಶೋಧರಾಳಿಗೆ ಆ ಪದ್ಧತಿ ಹಿತವಾಗಿತ್ತು. ಅವ್ವ ಮುದಕವ್ವ ಹಾಸಿಗೆ ಹಿಡಿದಾಗ ಒಂಬತ್ತನೇ ಇಯತ್ತೆಗೇ ಶಾಲೆ ಬಿಟ್ಟವಳು. ಬರೆದರೆ ತಪ್ಪಾದೀತು, ಮಾತಾಡಿದರೆ ನಕ್ಕಾರು ಎಂಬ ಅಂಜಿಕೆ. ಇಲ್ಲಿ ಒಂದು ಎಲೆ ಇಟ್ಟರೆ ಸಾಕಿತ್ತು!

ಆ ದನಿಯವನ ಹೆಸರು ಗುಂಪಿನಲ್ಲಿ 'ಸೌಂಡ್' ಎಂದು ಮಾತ್ರ ಇತ್ತು. ಊರು ಹಿರೇಕೆರೂರು, ಮದುವೆ ಮುಂಜಿಗಳಿಗೆ ಮೈಕ್ ಸೆಟ್ ಹಚ್ಚುವವನು ಎಂದು ಅವನೇ ಒಮ್ಮೆ ಹೇಳಿದ್ದ. ಅಬಲೂರಿನ ಭಜನೆಯವರ ಪದಗಳನ್ನು ತಾನೇ ರೆಕಾರ್ಡ್ ಮಾಡಿ ತಂದು ಹಾಕುತ್ತಿದ್ದ.

ಆಮೇಲೆ ಅವನು ಅವಳೊಬ್ಬಳಿಗೇ ದನಿ ಕಳಿಸತೊಡಗಿದ. ಅವಳು ಹಾಡಿನಲ್ಲೇ ಉತ್ತರ ಕೊಡುತ್ತಿದ್ದಳು. ಅವನು ಬೇಸರದಲ್ಲಿದ್ದರೆ ಒಂದು ನಗೆಹಾಡು. ಅವನು ನಕ್ಕರೆ ಒಂದು ಶಹನಾಯಿ. ತಿಂಗಳುಗಳು ಹಾಗೇ ಕಳೆದವು.

ಒಂದು ದಿನ ಅವನೆಂದ:

"ಒಂದು ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ದನಿ ಒಮ್ಮೆ ಕೇಳಬೇಕ ಅನಸೇತಿ. ಒಂದs ಮಾತು... ಏನರ ಅನ್ರಿ. ಮುಂದಿನ ಹಾರ ನಿಮ್ದ ಐತಿ. ಗಂಟಿನ್ಯಾಗರ ಹಾಕ್ರಿ. ನಾ ಕಾಯ್ತೇನಿ."

ಹಿತ್ತಲಲ್ಲಿ ನಿಂತು ಎಷ್ಟೋ ಸಲ ಫೋನು ಬಾಯಿಗೆ ಹಿಡಿದಳು. "ನಾನ್ರಿ..." ಎಂದಳು. ಅಳಿಸಿದಳು. "ಹ್ಯಾಂಗದೀರಿ..." ಅಳಿಸಿದಳು. ತನ್ನ ದನಿ ತನಗೇ ಒಡಕು ಬಿಂದಿಗೆಯಂತೆ ಕೇಳಿತು.

*ನನ್ನ ಹತ್ರ ಕೊಡಾಕ ಏನೈತಿ? ಚಲೋ ದನಿ ಅಂದ್ರ ಅವ್ವಂದು.*

ಹೌದು! ಅವ್ವನ ದನಿ!

ಓಣಿಯ ಯಾವ ಮದುವೆಯಾದರೂ ಹೆಣ್ಣು ಒಪ್ಪಿಸುವ ಹಾಡಿಗೆ ಮುದಕವ್ವನೇ ಬರಬೇಕಿತ್ತು. ಪಕ್ಕದ ಮನೆಯವರ ಮದುವೆ ಸಿ.ಡಿ.ಯಲ್ಲಿ ಆ ಹಾಡು ಉಳಿದಿತ್ತು. ಯಶೋಧರಾ ಟಿ.ವಿ.ಗೆ ಫೋನು ಹಿಡಿದು ತುಂಬಿಕೊಂಡಿದ್ದಳು. ಅವ್ವ ಹೋದ ಮೇಲೆ ಉಳಿದದ್ದು ಅಷ್ಟೇ ದನಿ. ಈವರೆಗೆ ಯಾರಿಗೂ ಕೇಳಿಸದ ಅದನ್ನು ಅವನಿಗಾಗಿ ಹಾರದ ಕೊನೆಗೆ ಗಂಟು ಹಾಕಿದಳು.

ಆಮೇಲೆ ಕಾದಳು.

ಅವನ ದನಿ ಬರಲಿಲ್ಲ. ಮರುದಿನವೂ ಇಲ್ಲ. ವಾರವಾಯಿತು. ಪದ್ಧತಿಯಂತೆ ಗುಂಪಿನವರೂ ಸುಮ್ಮನಿದ್ದರು. ಅವಳು ಒಂದು ಶಹನಾಯಿ ಕಳಿಸಿದಳು. ಉತ್ತರವಿಲ್ಲ. ಒಂದು ಎಲೆ ಇಟ್ಟಳು. ಅವನ ಹೆಸರಿದ್ದ ಜಾಗದಲ್ಲಿ ಒಂದು ಸಾಲು ಕಾಣಿಸಿತು: ಖಾತೆ ಅಳಿಸಲಾಗಿದೆ.

ಅಳಿಸಲಾಗಿದೆ...!

ಎಲೆ ಒರೆಸುವಾಗ ಕಣ್ಣೀರು ಬಿದ್ದರೆ, ಅದನ್ನೂ ಒರೆಸಿ ಕಟ್ಟಿದಳು. *ಅವ್ವನ ಹಾಡ ಅವರಿಗೆ ಹಳ್ಳಿ ಹಾಡ ಅನಸ್ತೇನ? ನನ್ನ ದನಿ ಕೇಳಿದ್ರು, ನಾ ಕೊಡಲಿಲ್ಲ, ಅದಕ್ಕ ಸಿಟ್ಟೇನ?* ಕೇಳುವುದಾದರೂ ಯಾರನ್ನು?

ಕೊನೆಗೆ ಫರ್ಹತಳ ಫೋನು ಬಂತು.

"ಏನವಾ, ದೊಡ್ಡ ಮನಿಷಾಳಾದಿ! ಮದುವಿ ಯಾವಾಗ? ಪದ್ಧತಿ ಮುರದು ಕೇಳಾಕತ್ತೇನಿ ನೋಡು. ಬೆಂಚಿನ ಗೆಳತಿಗೆ ಒಂದು ಮಾತ ಹೇಳಬಾರ್ದಾ?"

"ಮದುವಿ? ಯಾರ್ದು?"

"ನಿಂದs! ಗಂಟಿಗೆ ಹೆಣ್ಣ ಒಪ್ಪಿಸೂ ಹಾಡ ಹಾಕಿ, ಈಗ ಯಾರ್ದು ಅಂತೀಯಲ್ಲ! ಗುಂಪಿನವರೆಲ್ಲ ಹಂಗs ತಿಳಕೊಂಡಾರ. ಆ ಸೌಂಡ್ ಅಂತೂ 'ನನ್ನ ಹೆಸರ ತಗೀರಿ, ಇನ್ನ ಹಾಡು ಸಾಕು' ಅಂತ ನನಗೊಬ್ಬಾಕಿಗೆ ಒಂದು ಸಾಲ ಬರದು ಬಿಟ್ಟಹೋದ."

ಯಶೋಧರಾಳಿಗೆ ಆಗ ಹೊಳೆಯಿತು.

"ಫರ್ಹತಾ... ಅದು ನಮ್ಮವ್ವಂದು. ನಾ ಅವ್ವನ ದನಿ ಕಳಿಸಿದ್ದೆ. ಹಾಡ ಯಾವ್ದು ಅಂತ... ನನಗ ಅದು ತಲ್ಯಾಗs ಬರಲಿಲ್ಲ!"

"ಯಾ ಅಲ್ಲಾ! ಹುಚ್ಚಿ... ಮುದಕವ್ವ ಕಾಕೂನ ದನಿ ನನಗೂ ಗುರ್ತ ಹತ್ತಲಿಲ್ಲಲ್ಲ!"

"ಅವರ ನಂಬರ್ ಕೊಡ. ಕೈ ಮುಗೀತೇನಿ."

"ನನ್ನ ಹತ್ರ ಎಲ್ಲೈತೆ? ಗುಂಪಿನ್ಯಾಗ ಯಾರ ನಂಬರೂ ಕಾಣೂದಿಲ್ಲ. ಹೆಸರೂ ಗೊತ್ತಿಲ್ಲ. ಗುಂಪಿನಿಂದ ಹ್ವಾದ್ರ ಹ್ವಾದಂಗ, ಯಶೂ."

ಹ್ವಾದ್ರ ಹ್ವಾದಂಗ...

ಆ ಸಂಜೆ ಅವಳು ಅವನ ಹಳೆಯ ದನಿಗಳನ್ನೆಲ್ಲ ಮತ್ತೆ ಕೇಳಿದಳು. ಈ ಸಲ ಅವನ ಮಾತನ್ನಲ್ಲ, ಅವನ ಬೆನ್ನ ಹಿಂದಿನ ಸದ್ದನ್ನು. ಪ್ರತಿಯೊಂದರಲ್ಲೂ ಯಾರೋ ತಗಡು ಬಡಿಯುತ್ತಿದ್ದರು. ಎರಡು ಪೆಟ್ಟು, ಒಂದು ಬಿಡುವು, ಮತ್ತೊಂದು ಪೆಟ್ಟು. ಅದರಾಚೆ ಗಿರಣಿಯ ಪಟ್ಟಾ ಓಡುವ ಸದ್ದು. ಅವಳ ಕಣ್ಣಲ್ಲಿ ಒಂದು ಹುಚ್ಚು ಆಸೆ ಮಿನುಗಿತು.

"ಅಣ್ಣಾ, ಸಂತಿಗೆ ಹಿರೇಕೆರೂರಿಗೆ ಎಲಿ ಒಯ್ತಿಯಲ್ಲ... ನಾನೂ ಬರ್ತೇನಿ."

ಕನಕಪ್ಪ ನಕ್ಕೇಬಿಟ್ಟ. "ನೀ? ಸಂತಿಗೆ? ಮನಿಗೆ ಬೀಗರು ಬಂದ್ರ ಬಾಗಲ ಹಿಂದ ಅಡಗೂ ಹುಡುಗಿ! ಅಲ್ಲಿ ಅಡಗಾಕ ಬಾಗಲಾ ಇರೂದಿಲ್ಲ, ನೋಡು ಮತ್ತ."

"ಬರ್ತೇನಣ್ಣಾ. ಇದೊಂದ್ ಸಲ."

ನಗುತ್ತಿದ್ದ ಕನಕಪ್ಪ ಅವಳ ಮುಖ ನೋಡಿ, ಅವಳ ಪಾಲಿಗೂ ಒಂದು ಎಲೆಯ ಬುಟ್ಟಿ ತೆಗೆದಿಟ್ಟ.

ಶಿಗ್ಗಾಂವದಲ್ಲಿ ಒಂದು ಬಸ್ಸು, ಹಾನಗಲ್ಲಿನಲ್ಲಿ ಇನ್ನೊಂದು. ಎಲೆಯ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹೊರಗೆ ಗೋವಿನಜೋಳದ ಹೊಲಗಳನ್ನು ನೋಡುತ್ತಿದ್ದರೂ ಅವಳಿಗೆ ಏನೂ ಕಾಣಲಿಲ್ಲ. *ಸಿಗದಿದ್ರ? ಸಿಕ್ಕು, 'ನೀವ್ಯಾರು' ಅಂದ್ರ? ದೇವ್ರೇ... ಸಿಗದs ಹ್ವಾದ್ರ?*

ಹಿರೇಕೆರೂರಿನ ಸಂತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಣ್ಣ ಎಲೆ ಹರವಿ ಕುಳಿತಾಗ, "ಬಳಿ ನೋಡಿ ಬರ್ತೇನಿ" ಎಂದು ಒಂದು ಕಟ್ಟು ಎಲೆ ಕೈಯಲ್ಲಿ ಹಿಡಿದುಕೊಂಡೇ ಹೊರಟಳು. ಯಾರನ್ನು ಕೇಳುವುದು? ಮೈಕ್ ಸೆಟ್ಟಿನವರು ಊರಲ್ಲಿ ಎಷ್ಟು ಮಂದಿಯೋ; ಹೆಸರಿಲ್ಲದ ಗಂಡಸನ್ನು ಹುಡುಕುತ್ತೇನೆಂದು ಯಾವ ಬಾಯಿಂದ ಹೇಳುವುದು? ಕಿವಿಗೊಟ್ಟು ನಡೆದಳು. ಕೂಗು, ಹಾರ್ನು, ತಕ್ಕಡಿಯ ಸದ್ದು, ಜಗಳ... ಅದು ಮಾತ್ರ ಇಲ್ಲ. ಒಂದು ಓಣಿ ಹೊಕ್ಕಳು, ಇಲ್ಲ. ಇನ್ನೊಂದು ಓಣಿ. ಬಿಸಿಲಿಗೆ ತಲೆ ಸುತ್ತಿತು. ಕೈಯಲ್ಲಿದ್ದ ಎಲೆ ಬಾಡತೊಡಗಿತು.

*ಇಲ್ಲ. ಇಲ್ಲಿಲ್ಲ. ಮುಗೀತು.*

ಹಿಂದಿರುಗಲು ಹೊರಳಿದಳು. ಗಿರಣಿಯ ಗೋಡೆಯ ಆಚೆ...

ಎರಡು ಪೆಟ್ಟು. ಒಂದು ಬಿಡುವು. ಮತ್ತೊಂದು ಪೆಟ್ಟು!

ಓಡಿದಳು. ತಗಡಿನ ಡಬ್ಬಿ ಬಡಿಯುತ್ತಿದ್ದ ಮುದುಕ ಖಾದರಸಾಬ ಕೈ ನಿಲ್ಲಿಸಿ ಅವಳನ್ನು ನೋಡಿದ. ಪಕ್ಕದ ಅಂಗಡಿಯಲ್ಲಿ ದೊಡ್ಡ ಸ್ಪೀಕರ್ ಡಬ್ಬಿಗಳ ನಡುವೆ ಒಬ್ಬ ಯುವಕ ತಲೆ ಬಗ್ಗಿಸಿ ಆಂಪ್ಲಿಫೈಯರಿಗೆ ಬೆಸುಗೆ ಹಾಕುತ್ತಿದ್ದ.

"ಏ ಫಕ್ಕೀರೇಶ, ಗಿರಾಕಿ ಬಂದಾರ, ಮಾರಿ ಎತ್ತೋ!" ಮುದುಕ ಕೂಗಿದ. "ನೋಡವಾ, ತಿಂಗಳಾತು, ಮಾರಿ ಸುಟ್ಟ ಬದನಿಕಾಯಿ ಮಾಡಿಕೊಂಡs ಕುಂತಾನ. ಮದುವಿಗೆ ಹಚ್ಚೂ ಮೈಕಿನ್ಯಾಗ ದುಃಖದ ಹಾಡ ಹಾಕಿ ಬೈಸಿಕೊಂಡ ಬಂದಾನ!"

"ಕಾಕಾ, ನಿಮ್ಮ ಡಬ್ಬಿ ನೀವು ಬಡೀರಿ." ಯುವಕ ತಲೆ ಎತ್ತಿದ. "ಏನ ಬೇಕ್ರಿ?"

ಅದೇ ದನಿ!

ಯಶೋಧರಾ ದಾರಿಯುದ್ದಕ್ಕೂ ಕೂಡಿಸಿಟ್ಟ ಮಾತುಗಳೆಲ್ಲ ಎಲ್ಲಿಗೆ ಹೋದವೋ! ಕಟ್ಟಿನಿಂದ ಒಂದು ಎಲೆ ಬಿಡಿಸಿ, ಮೆಲ್ಲನೆ ಅವನ ಮುಂದಿನ ಮೇಜಿನ ಮೇಲೆ ಇಟ್ಟಳು. ಗುಂಪಿನಲ್ಲಿ ಇಡುತ್ತಿದ್ದ ಹಾಗೆಯೇ.

ಫಕ್ಕೀರೇಶ ಎಲೆ ನೋಡಿದ. ಅವಳನ್ನು ನೋಡಿದ. ಕೈಯಲ್ಲಿದ್ದ ಬೆಸುಗೆ ಕಡ್ಡಿಯ ಹೊಗೆ ಹಾಗೇ ಏರುತ್ತಿತ್ತು.

"...ಎಲಿ?"

ಅವಳು ತಲೆಯಾಡಿಸಿದಳು.

ಅವನ ಮುಖದಲ್ಲಿ ಮಿಂಚಿದ್ದು ಮರುಕ್ಷಣವೇ ಆರಿತು.

"ಎಲಿ ಇಟ್ಟು ಮದುವಿಗೆ ಕರಿಯೂದು ಪದ್ಧತಿನs ಐತಲ್ರಿ. ಸೌಂಡ್ ಬೇಕಂದ್ರ ತಾರೀಖ ಹೇಳ್ರಿ. ಬಾಡಿಗಿ ಬ್ಯಾಡ. ನಾನs ಬಂದು ಹಚ್ಚತೇನಿ."

"ಮದುವಿ ಇಲ್ಲ!"

ಅವಳ ಬಾಯಿಂದ ಅವನು ಕೇಳಿದ ಮೊದಲ ಮಾತು ಅದು. ಓಣಿಗೆ ಕೇಳುವಷ್ಟು ಜೋರಾಗಿ! ಖಾದರಸಾಬನ ಸುತ್ತಿಗೆ ಮೇಲೇ ನಿಂತಿತು.

"ಮದುವಿ ಇಲ್ರಿ..." ಅವಳ ಕಣ್ಣು ತುಂಬಿದವು. "ಹಾಡಿದಾಕಿ ನಮ್ಮವ್ವ. ತೀರಿಕೊಂಡಾಳ. ನೀವು ದನಿ ಕೇಳಿದ್ರಿ. ನಂದು ಹೊರಗ ಬರಲಿಲ್ಲ. ಅದಕ್ಕ ಅವ್ವಂದು ಕೊಟ್ಟೆ. ನನ್ನ ಹತ್ರ ಅದಕ್ಕಿಂತ ಹೆಚ್ಚಿಂದು ಏನೂ ಇದ್ದಿಲ್ಲ. ಪೂರಾ ಕೇಳಿದ್ರೇನ್ರಿ?"

ಅವನು ಬೆಸುಗೆ ಕಡ್ಡಿ ಕೆಳಗಿಟ್ಟ.

"ಇಲ್ರಿ. ಮೊದಲ ಸಾಲಿಗೇ ಬಂದ್ ಮಾಡಿದೆ. ನಮ್ಮ ಕೆಲಸದಾಗ ಆ ಹಾಡ ಶುರು ಆತಂದ್ರ ವೈರ್ ಸುತ್ತೂ ಹೊತ್ತು. ಡಬ್ಬಿ ಗಾಡಿಗೆ ಏರಸೂದು, ಹೆಣ್ಣು ಗಂಡನ ಮನಿಗೆ ಹೋಗೂದು, ಎಲ್ಲಾ ಮುಗದಂಗ. ಇಷ್ಟ ಮದುವಿ ಮಾಡೇನಿ, ಆ ಹಾಡ ಒಂದಿನಾನೂ ಕಡೀತನಕ ಕೇಳಿಲ್ಲ. ನಿಮ್ಮ ಹಾರದ ಕಡೀಗೆ ಅದು ಬಂದಾಗ... ಎದಿಯಾಗಿನ ವೈರೆಲ್ಲಾ ಯಾರೋ ಕಿತ್ತು ಸುತ್ತಿದಂಗ ಆತ್ರಿ."

"ಒಂದು ಮಾತ ಕೇಳಬಾರ್ದಿತ್ತೇನ್ರಿ?"

"ಗಂಟಿನ ಬಗ್ಗೆ ಕೇಳೂದು ಪದ್ಧತಿ ಅಲ್ಲಲ್ರಿ..."

"ಸುಡ್ಲಿ ಆ ಪದ್ಧತಿ!"

ಇಬ್ಬರೂ ಒಮ್ಮೆಲೇ ನಕ್ಕರು. ನಗುತ್ತಲೇ ಅವಳು ಅಳುತ್ತಿದ್ದಳು.

"ಆಮ್ಯಾಲೂ ನನ್ನ ಹಾರದಾಗ ಮೂರನೇ ಹಾಡು ಯಾವತ್ತೂ ನಿಮಗs ಇಡ್ತಿದ್ದೆ," ಅವನೆಂದ. "ಗೊತ್ತಿತ್ತೇನ್ರಿ?"

"ಮೂರನೇದು ಬರೂತನಕ ಉಸರ ಬಿಡ್ತಿದ್ದಿಲ್ರಿ ನಾನು."

ಖಾದರಸಾಬ ಗಂಟಲು ಸರಿಪಡಿಸಿಕೊಂಡು, ಬಡಿಯುತ್ತಿದ್ದ ಡಬ್ಬಿ ಅರ್ಧಕ್ಕೇ ಬಿಟ್ಟು ಎದ್ದು ಒಳಗೆ ಹೋದ.

"ಅಣ್ಣ ಸಂತ್ಯಾಗ ಕಾಯಾಕತ್ತಾನ, ನಾ ಹೋಗಬೇಕ್ರಿ. ಇನ್ನೊಮ್ಮೆ ಹಂಗ ಅಳಿಸಿ ಹೋಗೂದಿಲ್ಲಲ್ರಿ?"

"ಹೋಗೂದಿಲ್ರಿ. ನಿಮ್ಮಣ್ಣನ ಮುಂದ ಬಂದು ನಿಂತು ಕೇಳ್ತೇನಿ. ಇವತ್ತs. ಆದ್ರ ಕೇಳಾಕ ನಿಮ್ಮ ಹೆಸರs ಗೊತ್ತಿಲ್ಲ ನನಗ. ಏನ್ರಿ ಹೆಸರು?"

ಅವಳು ತನ್ನ ಫೋನನ್ನು ಅವನತ್ತ ಚಾಚಿದಳು.

"ಹಾಡ ಮುಗದ ಮ್ಯಾಲ ಅವ್ವ ಹೇಳ್ತಾಳ. ಈ ಸಲ ವೈರ್ ಸುತ್ತಬ್ಯಾಡ್ರಿ."

ಅವನು ಫೋನಿಗೆ ವೈರು ಸಿಕ್ಕಿಸಿದ. ಸಣ್ಣ ಸ್ಪೀಕರಿನಲ್ಲಿ ಮುದಕವ್ವನ ದನಿ ತುಂಬಿತು. ಮಗಳನ್ನು ಬೇರೆಯವರ ಮಡಿಲಿಗೆ ಹಾಕುವ ಹಾಡು, ಒಂದೊಂದೇ ಸಾಲು, ಅವಸರವಿಲ್ಲದೆ. ಇಬ್ಬರೂ ನಡುವಿನ ಆ ಒಂದು ಎಲೆಯನ್ನೇ ನೋಡುತ್ತಾ ಕುಳಿತರು. ಹಾಡು ಮುಗಿಯಿತು. ಮಂದಿಯ ಗದ್ದಲ, ಬಳೆಗಳ ಸದ್ದು, ಒಂದು ಕೆಮ್ಮು. ಆಮೇಲೆ, ಹಾಡಿ ದಣಿದ ಹೆಂಗಸು, ಎಲ್ಲೋ ಬಾಗಿಲ ಹಿಂದೆ ನಿಂತ ಮಗಳನ್ನು ಕೂಗಿದಳು:

"ಯಶೋಧರಾ... ಎಲ್ಲದಿ ಬೇ? ಒಂದ್ ತಂಬಗಿ ನೀರ ತಾ."